ಪಿಯುಸಿ ಮಗಳ ಮೊಡವೆ ಮತ್ತು ಮೆಡಿಕಲ್ ಶಾಪಿನ ಕ್ರೀಮು: ತಿಳಿದವರು ದಯವಿಟ್ಟು ವಿವರಿಸಿ

ಅರಸೀಕೆರೆ ತೆಂಗು

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಹಾಸನದ ಹಾಸ್ಟೆಲಿನಲ್ಲಿದ್ದು ದ್ವಿತೀಯ ಪಿಯುಸಿ ಓದುತ್ತಿದ್ದಾಳೆ. ಕಳೆದ ವರ್ಷದಿಂದ ಅವಳ ಹಣೆ ಮತ್ತು ಕೆನ್ನೆಗಳ ತುಂಬ ಮೊಡವೆ ಎದ್ದಿದೆ. ಗೆಳತಿಯೊಬ್ಬಳು ಹೇಳಿದಳೆಂದು ಮೆಡಿಕಲ್ ಶಾಪಿನಿಂದ ಒಂದು ಕ್ರೀಮು ತಂದು ಹಚ್ಚತೊಡಗಿದಳು. ಮೊದಮೊದಲು ಮುಖ ತಿಳಿಯಾಗಿ, ಬಣ್ಣವೂ ಬಂದಂತೆ ಕಂಡಿತು. ಈಗ ಅದನ್ನು ಎರಡು ದಿನ ಬಿಟ್ಟರೂ ಮುಖ ಕೆಂಪೇರಿ ಉರಿಯುತ್ತದೆ, ಮೊದಲಿಗಿಂತ ಹೆಚ್ಚು ಗುಳ್ಳೆಗಳು ಏಳುತ್ತವೆ. ನಮ್ಮ ಅತ್ತೆಯವರು ಇದು ಉಷ್ಣವೆಂದು ಹೇಳಿ ನೆತ್ತಿಗೆ ಹರಳೆಣ್ಣೆ ಇಡಿಸುತ್ತಾರೆ. ಯಜಮಾನರು ಪ್ರಾಯದ ಮೊಡವೆ ತಾನಾಗಿಯೇ ಹೋಗುತ್ತದೆ ಎನ್ನುತ್ತಾರೆ. ನೆಂಟರ ಮನೆಯ ಮದುವೆಗೆ ಬರಲು ಮಗಳು ಒಪ್ಪುತ್ತಿಲ್ಲವಾದ್ದರಿಂದ, ತಾನಾಗಿ ಹೋಗುವವರೆಗೆ ಕಾಯುವುದು ನನಗೆ ಸರಿಯೆನಿಸುತ್ತಿಲ್ಲ. ಮೊಡವೆ ನಿಜವಾಗಿ ಏಕೆ ಬರುತ್ತದೆ, ಈ ಕ್ರೀಮಿನಲ್ಲಿ ಏನಿದೆ, ಮುಂದೇನು ಮಾಡಬೇಕು ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಿ.

ಔಷಧದಂಗಡಿ, ಚಿಕ್ಕಮಗಳೂರು

ಅಕ್ಕಾ, ಟ್ಯೂಬಿನ ಮೇಲೆ ಸಣ್ಣ ಅಕ್ಷರಗಳಲ್ಲಿ ಬರೆದಿರುವ ಔಷಧಗಳ ಹೆಸರನ್ನು ಓದಿ ಹೇಳುವಿರಾ? ಬೀಟಾಮೆಥಾಸೋನ್, ಕ್ಲೊಬೆಟಾಸಾಲ್, ಮೊಮೆಟಾಸೋನ್, ಫ್ಲುಸಿನೊಲೋನ್ ಇವುಗಳಲ್ಲಿ ಯಾವುದಾದರೂ ಒಂದು ಇದ್ದರೆ ಅದು ಸ್ಟೀರಾಯ್ಡ್ ಬೆರೆತ ಕ್ರೀಮು ಎಂದು ತಿಳಿಯಿರಿ.

ಅರಸೀಕೆರೆ ತೆಂಗು

ಮಗಳಿಂದ ಫೋಟೊ ತರಿಸಿಕೊಂಡು ನೋಡಿದೆ. ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮೊಮೆಟಾಸೋನ್ ಎಂದು ಮೂರು ಹೆಸರುಗಳಿವೆ.

ಔಷಧದಂಗಡಿ, ಚಿಕ್ಕಮಗಳೂರು

ನಾನು ಊಹಿಸಿದ್ದೂ ಅದನ್ನೇ. ಈ ಮೂರರ ಮಿಶ್ರಣವನ್ನು ಚರ್ಮವೈದ್ಯರು ಬಂಗಿನಂಥ ಕಪ್ಪುಕಲೆಗಳಿಗೆ, ಕೆಲವೇ ವಾರಗಳ ಮಟ್ಟಿಗೆ, ತಮ್ಮ ನಿಗಾದಲ್ಲಿ ಕೊಡುತ್ತಾರೆ. ಅದು ಮೊಡವೆಯ ಔಷಧವೂ ಅಲ್ಲ, ಬೆಳ್ಳಗಾಗುವ ಕ್ರೀಮೂ ಅಲ್ಲ. ಆದರೆ ಹಚ್ಚಿದ ಕೆಲವೇ ದಿನಗಳಲ್ಲಿ ಕೆಂಪು ಇಳಿದು ಬಣ್ಣ ತಿಳಿಯಾಗುವುದರಿಂದ, ಒಬ್ಬರ ಬಾಯಿಂದ ಒಬ್ಬರಿಗೆ ಸುದ್ದಿ ಹಬ್ಬುತ್ತದೆ. ಕೇಂದ್ರ ಸರ್ಕಾರವು 2018ರಲ್ಲಿ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ಅನುಸೂಚಿ ಎಚ್‌ಗೆ ಸೇರಿಸಿ, ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ನಿಯಮ ಮಾಡಿತು. ನಿಯಮ ಬಂದ ಮೇಲೂ ಖಾಲಿ ಟ್ಯೂಬನ್ನು ಕೌಂಟರಿನ ಮೇಲಿಟ್ಟು ‘ಇದೇ ಕೊಡಿ’ ಎನ್ನುವವರು ಬರುತ್ತಲೇ ಇದ್ದಾರೆ, ಕೊಡುವವರೂ ಇದ್ದಾರೆ. ಕೊಡುವುದಿಲ್ಲವೆಂದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾರೆ; ಈ ವ್ಯಾಪಾರದಲ್ಲಿ ಇರುವವನಾಗಿ ಇದನ್ನು ಹೇಳಲು ನನಗೆ ಸಂಕೋಚವಿಲ್ಲ.

ಚರ್ಮವೈದ್ಯೆ, ಹಾಸನ

ಮೇಲಿನ ಮಾತಿಗೆ ವೈದ್ಯಕೀಯ ವಿವರಣೆ ಸೇರಿಸುತ್ತೇನೆ. ಸ್ಟೀರಾಯ್ಡ್ ಉರಿಯೂತವನ್ನು ಅದುಮಿಡುತ್ತದೆ ಮತ್ತು ಚರ್ಮದ ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಅದರಿಂದಲೇ ಮುಖ ಆರಂಭದಲ್ಲಿ ತಿಳಿಯಾಗಿ ಕಾಣುವುದು. ವಾರಗಳು, ತಿಂಗಳುಗಳು ಕಳೆದಂತೆ ಚರ್ಮ ತೆಳುವಾಗುತ್ತದೆ, ಕೆನ್ನೆಯ ಮೇಲೆ ಕೆಂಪು ಎಳೆಗಳಂತೆ ರಕ್ತನಾಳಗಳು ಕಾಣತೊಡಗುತ್ತವೆ, ಕೆಲವರಿಗೆ ಮುಖದ ಮೇಲೆ ರೋಮ ಬೆಳೆಯುತ್ತದೆ, ಒಂದೇ ಗಾತ್ರದ ಸಣ್ಣ ಸಣ್ಣ ಗುಳ್ಳೆಗಳು ಒಟ್ಟಿಗೇ ಏಳುತ್ತವೆ. ಬಿಟ್ಟ ಕೂಡಲೇ ಅದುಮಿಟ್ಟ ಉರಿಯೂತವೆಲ್ಲ ಮರುಕಳಿಸುವುದರಿಂದ, ‘ಕ್ರೀಮು ಹಚ್ಚಿದರೇ ವಾಸಿ’ ಎಂದು ರೋಗಿ ಮತ್ತೆ ಅದಕ್ಕೇ ಕೈಹಾಕುತ್ತಾರೆ. ಇದರಿಂದ ಹೊರಬರಲು ಸಾಧ್ಯವಿದೆ, ಆದರೆ ಮನೆಯಲ್ಲೇ ಪ್ರಯೋಗ ಮಾಡಬೇಡಿ. ಒಂದೇ ಸಲ ನಿಲ್ಲಿಸಬೇಕೋ, ಹಂತಹಂತವಾಗಿ ಇಳಿಸಬೇಕೋ ಎಂಬುದು ಎಷ್ಟು ಕಾಲ ಹಚ್ಚಿದ್ದಾಳೆ ಎಂಬುದನ್ನು ಅವಲಂಬಿಸಿದೆ. ಮಗಳು ಹಾಸನದಲ್ಲೇ ಇರುವುದರಿಂದ ಹಿಮ್ಸ್ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕಾಗಲಿ, ನಿಮಗೆ ಅನುಕೂಲವಾದ ಬೇರೆ ಚರ್ಮತಜ್ಞರಲ್ಲಿಗಾಗಲಿ ಕರೆದುಕೊಂಡು ಹೋಗಿ. ಹೋಗುವಾಗ ಆ ಟ್ಯೂಬನ್ನು ತಪ್ಪದೆ ಒಯ್ಯಿರಿ.

ಇನ್ನು ಮೊಡವೆ ಏಕೆ ಬರುತ್ತದೆ ಎಂಬ ಮೂಲ ಪ್ರಶ್ನೆ. ಚರ್ಮದ ಪ್ರತಿಯೊಂದು ರೋಮಕೂಪಕ್ಕೂ ಅಂಟಿಕೊಂಡಂತೆ ಎಣ್ಣೆಯ ಗ್ರಂಥಿ ಇರುತ್ತದೆ; ಮುಖ, ಎದೆ, ಬೆನ್ನಿನ ಮೇಲ್ಭಾಗಗಳಲ್ಲಿ ಈ ಗ್ರಂಥಿಗಳು ದೊಡ್ಡವು, ಸಂಖ್ಯೆಯಲ್ಲೂ ಹೆಚ್ಚು. ಪ್ರಾಯಕ್ಕೆ ಬಂದಾಗ ಹುಡುಗರಲ್ಲೂ ಹುಡುಗಿಯರಲ್ಲೂ ಆಂಡ್ರೋಜನ್ ಹಾರ್ಮೋನುಗಳು ಏರಿ, ಗ್ರಂಥಿಗಳು ಹೆಚ್ಚು ಎಣ್ಣೆ ಸುರಿಸುತ್ತವೆ. ಅದೇ ವೇಳೆಗೆ ರೋಮಕೂಪದ ಒಳಗೋಡೆಯ ಸತ್ತ ಕೋಶಗಳು ಸಲೀಸಾಗಿ ಉದುರದೆ, ಎಣ್ಣೆಯೊಂದಿಗೆ ಅಂಟಿಕೊಂಡು ಬಾಯಿಯನ್ನು ಮುಚ್ಚುತ್ತವೆ. ಹೀಗೆ ಮುಚ್ಚಿದ ಜಾಗದಲ್ಲಿ, ಎಲ್ಲರ ಚರ್ಮದ ಮೇಲೂ ಸಹಜವಾಗಿ ಬದುಕಿರುವ ಕ್ಯುಟಿಬ್ಯಾಕ್ಟೀರಿಯಂ ಆಕ್ನೆಸ್ ಎಂಬ ಸೂಕ್ಷ್ಮಾಣು ಹೆಚ್ಚುತ್ತದೆ. 2016ಕ್ಕೆ ಮೊದಲು ಇದನ್ನೇ ಪ್ರೊಪಿಯೋನಿಬ್ಯಾಕ್ಟೀರಿಯಂ ಎಂದು ಕರೆಯುತ್ತಿದ್ದರು, ಹಳೆಯ ಪುಸ್ತಕಗಳಲ್ಲಿ ಆ ಹೆಸರೇ ಸಿಗುತ್ತದೆ. ಇದಕ್ಕೆ ದೇಹ ತೋರುವ ಪ್ರತಿಕ್ರಿಯೆಯೇ ಉರಿಯೂತ, ಕೆಂಪು, ಕೀವು. ಬಾಯಿ ತೆರೆದೇ ಇದ್ದರೆ ತುದಿ ಗಾಳಿಗೆ ಕಪ್ಪಾಗಿ ಬ್ಲ್ಯಾಕ್‌ಹೆಡ್ ಆಗುತ್ತದೆ. ಆ ಕಪ್ಪು ಕೊಳೆಯಲ್ಲ, ಆದ್ದರಿಂದ ಎಷ್ಟು ಉಜ್ಜಿದರೂ ಅದು ಹೋಗುವುದಿಲ್ಲ. ಬಾಯಿ ಮುಚ್ಚಿದ್ದರೆ ವೈಟ್‌ಹೆಡ್. ಗೋಡೆ ಒಡೆದು ಆಳಕ್ಕೆ ಹರಡಿದರೆ ಮುಟ್ಟಿದರೆ ನೋಯುವ ಗಂಟುಗಳು. ಕಲೆ ಮತ್ತು ಗುಳಿಗಳನ್ನು ಉಳಿಸಿ ಹೋಗುವವು ಮುಖ್ಯವಾಗಿ ಈ ಕೊನೆಯ ಬಗೆಯವು.

ಒಂದು ವಿಷಯವನ್ನು ಒತ್ತಿ ಹೇಳಬೇಕು. ಇಂದು ಕಣ್ಣಿಗೆ ಬಿದ್ದ ಮೊಡವೆ ಒಳಗೆ ರೂಪುಗೊಳ್ಳತೊಡಗಿ ಎಷ್ಟೋ ವಾರಗಳಾಗಿರುತ್ತವೆ. ಇವತ್ತು ಆರಂಭಿಸಿದ ಔಷಧ ಇವತ್ತಿನ ಗುಳ್ಳೆಯನ್ನು ಒಣಗಿಸುವುದಕ್ಕಿಂತ ಮುಂದಿನ ತಿಂಗಳ ಗುಳ್ಳೆಯನ್ನು ತಡೆಯುತ್ತದೆ. ಸರಿಯಾದ ಚಿಕಿತ್ಸೆ ಫಲ ಕೊಡಲು 8ರಿಂದ 12 ವಾರ ಬೇಕಾಗುವುದು ಈ ಕಾರಣದಿಂದ. ಒಂದು ವಾರದಲ್ಲಿ ಮುಖ ಫಳಫಳಿಸಿತೆಂದರೆ ಸಂತೋಷಪಡುವ ಮೊದಲು ಟ್ಯೂಬನ್ನು ಓದಿ.

ಮೂಡಿಗೆರೆ ಮಳೆ

ಡಾಕ್ಟರ್ ಮೇಡಂ, ನಮ್ಮ ಕಡೆ ಮಳೆಗಾಲದಲ್ಲಿ ಬಟ್ಟೆ ಒಣಗುವುದೇ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒದ್ದೆ ಹೆಲ್ಮೆಟ್, ರೇನ್‌ಕೋಟಿನ ಕಾಲರು, ಅರೆ ಒಣಗಿದ ಟವೆಲು. ನನ್ನ ತಮ್ಮನಿಗೆ ಗದ್ದದ ಪಟ್ಟಿ ತಾಗುವ ಜಾಗದಲ್ಲಿ ಗುಳ್ಳೆಗಳು, ಬೆನ್ನು ಮತ್ತು ಎದೆಯ ಮೇಲೆ ಬೇರೆಯೇ ಬಗೆಯ ಸಣ್ಣ ಗುಳ್ಳೆಗಳು ಏಳುತ್ತವೆ, ಬೆವರಿದಾಗ ವಿಪರೀತ ತುರಿಸುತ್ತವೆ. ಮೊಡವೆಯ ಮಾತ್ರೆ ತೆಗೆದುಕೊಂಡರೂ ಕಡಿಮೆಯಾಗಲಿಲ್ಲ. ಇದೂ ಮೊಡವೆಯೇ?

ಚರ್ಮವೈದ್ಯೆ, ಹಾಸನ

ಗದ್ದದ ಮೇಲಿನದು ಪಟ್ಟಿಯ ಒತ್ತಡ, ತಿಕ್ಕಾಟ, ಬೆವರು ಸೇರಿ ಹೆಚ್ಚಾಗುವ ಮೊಡವೆ ಇರಬಹುದು. ಪಟ್ಟಿಯ ಒಳಬಟ್ಟೆಯನ್ನು ಆಗಾಗ ತೊಳೆದು, ಒಣಗಿಸಲು ಬಿಸಿಲಿಲ್ಲದಿದ್ದರೆ ಒಲೆಯ ಬಿಸಿಗಾದರೂ ಹಿಡಿದು ಬಳಸಲಿ. ಎದೆ, ಬೆನ್ನಿನ ಮೇಲೆ ಒಂದೇ ಗಾತ್ರದಲ್ಲಿ ಎದ್ದು ತುರಿಸುವ ಗುಳ್ಳೆಗಳ ಬಗ್ಗೆ ನನಗೆ ಬೇರೆಯೇ ಅನುಮಾನವಿದೆ. ಮಲಸ್ಸೇಜಿಯಾ ಎಂಬ ಶಿಲೀಂಧ್ರ ರೋಮಕೂಪಗಳಲ್ಲಿ ಬೆಳೆದಾಗ ಹೀಗಾಗುತ್ತದೆ, ತೇವ ಮತ್ತು ಬೆವರು ಅದಕ್ಕೆ ಅನುಕೂಲ. ಮೊಡವೆ ಸಾಮಾನ್ಯವಾಗಿ ಇಷ್ಟು ತುರಿಸುವುದಿಲ್ಲ. ಬ್ಲ್ಯಾಕ್‌ಹೆಡ್, ವೈಟ್‌ಹೆಡ್, ದೊಡ್ಡ ಗುಳ್ಳೆ ಎಲ್ಲವೂ ಬೆರೆತಿರುತ್ತವೆ. ಶಿಲೀಂಧ್ರದ ಗುಳ್ಳೆಗಳು ಆಂಟಿಬಯಾಟಿಕ್‌ನಿಂದ ಹೋಗುವುದಿಲ್ಲ, ಕೆಲವೊಮ್ಮೆ ಹೆಚ್ಚುತ್ತವೆ ಕೂಡ. ಅದಕ್ಕೆ ಕೀಟೊಕೊನಜೋಲ್‌ನಂಥ ಶಿಲೀಂಧ್ರನಾಶಕ ಬೇಕು. ಪರೀಕ್ಷಿಸದೆ ಖಚಿತವಾಗಿ ಹೇಳಲಾರೆ, ತಜ್ಞರಿಗೆ ತೋರಿಸಿ.

ಕಡೂರಿನ ಕಟ್ಟಾಳು

ಆಹಾರದ ವಿಚಾರ ಯಾರೂ ಎತ್ತಿಲ್ಲ. ನಾನು ಜಿಮ್‌ಗೆ ಹೋಗಲು ಆರಂಭಿಸಿ ವೇ ಪ್ರೋಟೀನ್ ಕುಡಿಯತೊಡಗಿದ ಮೇಲೆ ಬೆನ್ನು, ಭುಜಗಳ ಮೇಲೆ ಮೊಡವೆ ಹೆಚ್ಚಾಗಿದೆ. ಎಣ್ಣೆಯಲ್ಲಿ ಕರಿದದ್ದು, ಚಾಕೊಲೇಟ್, ಕಾಫಿ ಬಿಡಬೇಕೆಂದು ಎಲ್ಲರೂ ಹೇಳುತ್ತಾರೆ. ಚಿಕ್ಕಮಗಳೂರು ಜಿಲ್ಲೆಯಲ್ಲಿ ಹುಟ್ಟಿದವನಿಗೆ ಕಾಫಿ ಬಿಡು ಎನ್ನುವುದು ಶಿಕ್ಷೆಯೇ ಸರಿ.

ಚರ್ಮವೈದ್ಯೆ, ಹಾಸನ

ಕಾಫಿಯಿಂದ ಮೊಡವೆ ಬರುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ, ಆ ಶಿಕ್ಷೆ ಬೇಡ. ಲೋಟಕ್ಕೆ ಎಷ್ಟು ಸಕ್ಕರೆ ಹಾಕುತ್ತೀರಿ ಎಂಬುದನ್ನು ಮಾತ್ರ ನೋಡಿಕೊಳ್ಳಿ. ಬೇಗನೆ ರಕ್ತದ ಸಕ್ಕರೆ ಏರಿಸುವ ಆಹಾರ, ಅಂದರೆ ಸಿಹಿ ಪಾನೀಯ, ಬೇಕರಿ ತಿಂಡಿ, ಮೈದಾ, ಇನ್ಸುಲಿನ್ ಮತ್ತು ಅದರ ಬಳಗದ ಐಜಿಎಫ್-1 ಎಂಬ ಹಾರ್ಮೋನನ್ನು ಹೆಚ್ಚಿಸುತ್ತದೆ, ಅವು ಎಣ್ಣೆಯ ಗ್ರಂಥಿಗಳನ್ನು ಪ್ರಚೋದಿಸುತ್ತವೆ. ಆಸ್ಟ್ರೇಲಿಯಾದಲ್ಲಿ ಯುವಕರ ಮೇಲೆ 12 ವಾರ ನಡೆಸಿ 2007ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಇಂಥ ಆಹಾರ ಕಡಿಮೆ ಮಾಡಿದ ಗುಂಪಿನವರ ಮೊಡವೆ ಇನ್ನೊಂದು ಗುಂಪಿನವರದಕ್ಕಿಂತ ಹೆಚ್ಚು ಇಳಿಯಿತು. ಹಾಲಿಗೂ, ವಿಶೇಷವಾಗಿ ಕೆನೆ ತೆಗೆದ ಹಾಲಿಗೂ ಮೊಡವೆಗೂ ನಂಟು ಕಂಡಿದೆ, ಆದರೆ ಆ ನಂಟು ದೊಡ್ಡದಲ್ಲ. ವೇ ಎಂಬುದು ಹಾಲಿನದೇ ಪ್ರೋಟೀನು. ನಿಮ್ಮ ಅನುಮಾನಕ್ಕೆ ಕಾರಣವಿದೆ. ಎರಡು ಮೂರು ತಿಂಗಳು ಅದನ್ನು ಬಿಟ್ಟು ಮೊಟ್ಟೆ, ಕಾಳುಗಳಿಂದ ಆ ಪ್ರೋಟೀನು ಪಡೆದು ನೋಡಿ. ಜಿಮ್‌ನಲ್ಲಿ ಯಾರಾದರೂ ಇಂಜೆಕ್ಷನ್ ಅಥವಾ ಮಾತ್ರೆ ಕೊಟ್ಟಿದ್ದರೆ ವೈದ್ಯರಿಂದ ಮುಚ್ಚಿಡಬೇಡಿ. ದೇಹ ಬೆಳೆಸುವ ಸ್ಟೀರಾಯ್ಡುಗಳಿಂದ ಭೀಕರ ಮೊಡವೆ ಬರುತ್ತದೆ.

ಚಾಕೊಲೇಟಿನದು ಸ್ವಾರಸ್ಯದ ಕಥೆ. ಅದು ಮೊಡವೆಗೆ ಕಾರಣವಲ್ಲ ಎಂದು 1969ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪ್ರಯೋಗವನ್ನು ದಶಕಗಳ ಕಾಲ ಪಾಠದಂತೆ ಹೇಳಿಕೊಟ್ಟರು. ಆ ಪ್ರಯೋಗದಲ್ಲಿ ಹೋಲಿಕೆಗೆಂದು ಕೊಟ್ಟ ಚಾಕೊಲೇಟ್‌ರಹಿತ ಬಾರಿನಲ್ಲೂ ಸಕ್ಕರೆ, ಕೊಬ್ಬು ಹೆಚ್ಚುಕಡಿಮೆ ಅಷ್ಟೇ ಇದ್ದವು! ಎರಡೂ ಗುಂಪುಗಳ ನಡುವೆ ವ್ಯತ್ಯಾಸ ಕಾಣದಿದ್ದುದರಲ್ಲಿ ಆಶ್ಚರ್ಯವಿಲ್ಲ.

ಅರಸೀಕೆರೆ ತೆಂಗು

ಹಾಗಾದರೆ ಎಣ್ಣೆ? ನಮ್ಮದು ತೆಂಗಿನ ಊರು, ರಾತ್ರಿ ತಲೆಗೆ ಕೊಬ್ಬರಿ ಎಣ್ಣೆ ಹಚ್ಚದೆ ಮಲಗುವ ಹೆಣ್ಣುಮಕ್ಕಳೇ ಇಲ್ಲ. ಅರಿಶಿನ, ಕಡಲೆಹಿಟ್ಟು, ನಿಂಬೆರಸ ಹಚ್ಚುವುದರ ಬಗ್ಗೆಯೂ ತಿಳಿಸಿ.

ಚರ್ಮವೈದ್ಯೆ, ಹಾಸನ

ತಲೆಗೆ ಹಚ್ಚಿದ ಎಣ್ಣೆ ಇಳಿದು ಹಣೆಗೆ, ದಿಂಬಿನ ಚೀಲದಿಂದ ಕೆನ್ನೆಗೆ ಬರುತ್ತದೆ. ಕೂದಲಿನ ಅಂಚಿನಲ್ಲೇ ಸಾಲಾಗಿ ಮೊಡವೆ ಎದ್ದಿದ್ದರೆ ಎಣ್ಣೆಯನ್ನು ಶಂಕಿಸಬೇಕು. ಕೊಬ್ಬರಿ ಎಣ್ಣೆ ರೋಮಕೂಪಗಳನ್ನು ಮುಚ್ಚುವ ಸ್ವಭಾವದ್ದು. ಬಿಡಲಾಗದಿದ್ದರೆ ತಲೆಸ್ನಾನಕ್ಕೆ ಒಂದೆರಡು ಗಂಟೆ ಮೊದಲು ಹಚ್ಚಿ ತೊಳೆದುಬಿಡಲಿ. ‘ಉಷ್ಣ’ದ ವಿಚಾರದಲ್ಲಿ ನಿಮ್ಮ ಅತ್ತೆಯವರನ್ನು ಎದುರಿಸಬೇಕಿಲ್ಲ, ಹರಳೆಣ್ಣೆ ನೆತ್ತಿಯ ಮೇಲೆಯೇ ಉಳಿದು ಹಣೆಗೆ ಇಳಿಯದಂತೆ ನೋಡಿಕೊಂಡರೆ ಸಾಕು.

ನಿಂಬೆರಸ ಖಂಡಿತ ಬೇಡ. ಅದರ ಆಮ್ಲ ಚರ್ಮವನ್ನು ಸುಡುತ್ತದೆ, ಹಚ್ಚಿಕೊಂಡು ಬಿಸಿಲಿಗೆ ಹೋದರೆ ಬೊಕ್ಕೆ ಎದ್ದು ತಿಂಗಳುಗಟ್ಟಲೆ ಕಪ್ಪು ಉಳಿಯಬಹುದು. ಟೂತ್‌ಪೇಸ್ಟ್, ಅಡುಗೆ ಸೋಡಾ ಹಚ್ಚುವುದೂ ಇದೇ ಜಾತಿಗೆ ಸೇರಿದ್ದು. ಕಡಲೆಹಿಟ್ಟಿನಿಂದ ಮೃದುವಾಗಿ ತೊಳೆದರೆ ಕೇಡಿಲ್ಲ, ಆದರೆ ಬಚ್ಚಲಲ್ಲಿ ನಿಂತು ತಿಕ್ಕಿ ತಿಕ್ಕಿ ಉಜ್ಜಿದರೆ ಉರಿಯೂತ ಹೆಚ್ಚುತ್ತದೆ. ಅರಿಶಿನಕ್ಕೆ ಉರಿಯೂತ ಶಮನದ ಗುಣವಿದೆ ಎಂಬುದು ನಿಜವಾದರೂ, ಮುಚ್ಚಿದ ರೋಮಕೂಪವನ್ನು ತೆರೆಯುವ ಕೆಲಸ ಅದರಿಂದ ಆಗುವುದಿಲ್ಲ. ದಿನಕ್ಕೆ ಎರಡು ಬಾರಿ ಸೌಮ್ಯವಾದ ಫೇಸ್‌ವಾಶ್ ಸಾಕು.

ಬೇಲೂರು ಶಿಕ್ಷಕಿ

ಪ್ರಾಯದ ಮೊಡವೆ ಎಂಬ ಮಾತು ನನಗೆ ಹೊಂದುವುದಿಲ್ಲ. ನನಗೆ 34 ವರ್ಷ. ಕಾಲೇಜಿನ ದಿನಗಳಲ್ಲಿ ಇಲ್ಲದ ಮೊಡವೆ ಈಗ ಗದ್ದ ಮತ್ತು ದವಡೆಯ ಸಾಲಿನಲ್ಲಿ, ಮುಟ್ಟಿಗೆ ಒಂದು ವಾರ ಮೊದಲು ಗಂಟುಗಂಟಾಗಿ ಏಳುತ್ತದೆ. ಮಕ್ಕಳೆದುರು ಬೋರ್ಡಿನ ಬಳಿ ನಿಂತಾಗ, ಹಿಂದಿನ ಬೆಂಚಿನಲ್ಲಿ ಕೂತವರೂ ನನ್ನ ಗದ್ದವನ್ನೇ ನೋಡುತ್ತಿದ್ದಾರೇನೋ ಅನಿಸುತ್ತದೆ. ಮುಟ್ಟು ಕೂಡ ಕ್ರಮವಾಗಿಲ್ಲ.

ಚರ್ಮವೈದ್ಯೆ, ಹಾಸನ

ವಯಸ್ಕ ಹೆಂಗಸರಲ್ಲಿ ದವಡೆಯ ಸಾಲಿನ ಮೊಡವೆ ಅಪರೂಪವಲ್ಲ. ಜೊತೆಗೆ ಮುಟ್ಟಿನ ಏರುಪೇರು, ಗದ್ದದ ಮೇಲೆ ಗಡಸು ರೋಮ, ತೂಕ ಏರುವುದು, ನೆತ್ತಿಯ ಕೂದಲು ತೆಳುವಾಗುವುದು ಇದ್ದರೆ ಜನ ಪಿಸಿಓಡಿ ಎನ್ನುವ, ಅಂಡಾಶಯ ಮತ್ತು ಹಾರ್ಮೋನುಗಳ ಸಮಸ್ಯೆಯನ್ನು ಪರಿಶೀಲಿಸಬೇಕು. ನೀವು ಚರ್ಮತಜ್ಞರ ಜೊತೆಗೆ ಸ್ತ್ರೀರೋಗ ತಜ್ಞರನ್ನೂ ಕಾಣಿ. ಹಾರ್ಮೋನು ಮೂಲದ ಮೊಡವೆಗೆ ಹಚ್ಚುವ ಔಷಧ ಸಾಲದಿದ್ದಾಗ ಗರ್ಭನಿರೋಧಕ ಮಾತ್ರೆ, ಆಂಡ್ರೋಜನ್‌ನ ಪರಿಣಾಮ ತಡೆಯುವ ಸ್ಪೈರೊನೊಲ್ಯಾಕ್ಟೋನ್ ಇತ್ಯಾದಿಗಳನ್ನು ವೈದ್ಯರು ಪರಿಗಣಿಸುತ್ತಾರೆ. ಇವನ್ನು ಸ್ವಂತವಾಗಿ ತೆಗೆದುಕೊಳ್ಳಬಾರದು. ಇನ್ನೊಂದು ಮಾತು: ಕ್ಷಯದ ಐಸೊನಿಯಾಜಿಡ್, ಫಿಟ್ಸ್‌ಗೆ ಕೊಡುವ ಫೆನಿಟೊಯಿನ್, ದೊಡ್ಡ ಪ್ರಮಾಣದ ವಿಟಮಿನ್ ಬಿ12 ಕೂಡ ಮೊಡವೆಯಂಥ ಗುಳ್ಳೆ ತರಬಲ್ಲವು. ಬೇರೆ ಕಾಯಿಲೆಗೆ ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ ಒಯ್ಯಿರಿ.

ಔಷಧದಂಗಡಿ, ಚಿಕ್ಕಮಗಳೂರು

ಮೇಡಂ, ಸರಿಯಾದ ಔಷಧವನ್ನೂ ಜನ ತಪ್ಪಾಗಿ ಹಚ್ಚಿ ಬಿಟ್ಟುಬಿಡುತ್ತಾರೆ. ಮೊಡವೆಗೆ ಹಚ್ಚುವ ಅಡಾಪಲೀನ್ ಜೆಲ್ ಒಯ್ದವರು ಹತ್ತು ದಿನಕ್ಕೆ ಬಂದು, ಮುಖ ಸಿಪ್ಪೆ ಏಳುತ್ತಿದೆ, ಮೊಡವೆ ಜಾಸ್ತಿಯಾಯಿತು ಎಂದು ಟ್ಯೂಬನ್ನು ಹಿಂತಿರುಗಿಸಲು ನೋಡುತ್ತಾರೆ. ಹಚ್ಚುವ ವಿಧಾನವನ್ನು ಸ್ವಲ್ಪ ವಿವರವಾಗಿ ಬರೆಯುವಿರಾ?

ಚರ್ಮವೈದ್ಯೆ, ಹಾಸನ

ಒಳ್ಳೆಯ ಪ್ರಶ್ನೆ. ಓ.ಪಿ.ಡಿ. ಸರತಿಯಲ್ಲಿ ಇಷ್ಟು ಬಿಡಿಸಿ ಹೇಳಲು ನಮಗೂ ಸಮಯ ಸಿಗುವುದಿಲ್ಲ.

ಅಡಾಪಲೀನ್ 0.1 ಶೇಕಡಾ ಜೆಲ್ ರಾತ್ರಿ ಹಚ್ಚುವ ಔಷಧ. ಮುಖ ತೊಳೆದು, ಒರೆಸಿ, ಚರ್ಮ ಪೂರ್ತಿ ಒಣಗುವವರೆಗೆ ಕಾಲುಗಂಟೆ ಕಾಯಬೇಕು, ಏಕೆಂದರೆ ಒದ್ದೆ ಮುಖಕ್ಕೆ ಹಚ್ಚಿದರೆ ಉರಿ ಹೆಚ್ಚು. ಇಡೀ ಮುಖಕ್ಕೆ ಒಂದು ಬಟಾಣಿ ಕಾಳಿನಷ್ಟು ಸಾಕು. ಅದನ್ನು ಹಣೆ, ಎರಡು ಕೆನ್ನೆ, ಮೂಗು, ಗದ್ದದ ಮೇಲೆ ಚುಕ್ಕೆಗಳಾಗಿ ಇಟ್ಟು ತೆಳುವಾಗಿ ಹರಡಬೇಕು. ಕಣ್ಣಿನ ಸುತ್ತ, ತುಟಿಯ ಅಂಚು, ಮೂಗಿನ ಹೊಳ್ಳೆಯ ಪಕ್ಕದ ಮಡಿಕೆಗಳನ್ನು ಬಿಡಬೇಕು. ಮೊಡವೆಯ ಮೇಲೆ ಮಾತ್ರ ಬೊಟ್ಟಿಡುವುದರಿಂದ ಪ್ರಯೋಜನವಿಲ್ಲ. ನಾವು ತಡೆಯಬೇಕಿರುವುದು ಇನ್ನೂ ಕಾಣಿಸದ ಮೊಡವೆಯನ್ನು. ಮೊದಲ ಎರಡು ಮೂರು ವಾರ ದಿನ ಬಿಟ್ಟು ದಿನ ಹಚ್ಚಿ, ಮೇಲೆ ಜಿಡ್ಡಿಲ್ಲದ ಮಾಯಿಶ್ಚರೈಸರ್ ಹಚ್ಚಿದರೆ ಸಿಪ್ಪೆ ಏಳುವುದು ಸಹಿಸುವಷ್ಟಿರುತ್ತದೆ. ಆರಂಭದಲ್ಲಿ ಮೊಡವೆ ತುಸು ಹೆಚ್ಚಿದಂತೆ ಕಾಣುವುದೂ ಉಂಟು, ಅದಕ್ಕೆ ಹೆದರಿ ನಿಲ್ಲಿಸಬಾರದು. ಗರ್ಭಿಣಿಯರು ಮತ್ತು ಗರ್ಭ ಬಯಸುವವರು ಇದನ್ನು ಹಚ್ಚಬಾರದು. ಅವರಿಗೆ ಅಜಿಲಾಯಿಕ್ ಆಮ್ಲದ ಕ್ರೀಮು ಸುರಕ್ಷಿತ, ಕಲೆಗೂ ಒಳ್ಳೆಯದು.

ಬೆಂಜಾಯಿಲ್ ಪೆರಾಕ್ಸೈಡ್ ಬೆಳಿಗ್ಗೆಯ ಔಷಧ. 2.5 ಶೇಕಡಾ ಜೆಲ್ ಹೆಚ್ಚುಕಡಿಮೆ 10 ಶೇಕಡಾದಷ್ಟೇ ಕೆಲಸ ಮಾಡುತ್ತದೆ, ಉರಿ ಮಾತ್ರ ಕಡಿಮೆ; ಹೆಚ್ಚು ಶಕ್ತಿಯದ್ದನ್ನೇ ಕೇಳಿ ಒಯ್ಯುವವರು ಇದನ್ನು ಗಮನಿಸಬೇಕು. ಇದು ಬಣ್ಣದ ಟವೆಲು, ದಿಂಬಿನ ಚೀಲ, ಸಮವಸ್ತ್ರದ ಕಾಲರಿನ ಬಣ್ಣವನ್ನು ತೆಗೆಯುತ್ತದೆ, ಆದ್ದರಿಂದ ಮಗಳಿಗೆ ಬಿಳಿ ಟವೆಲು ಕೊಟ್ಟು ಕಳುಹಿಸಿ. ಕ್ಲಿಂಡಾಮೈಸಿನ್ ಎಂಬ ಆಂಟಿಬಯಾಟಿಕ್ ಜೆಲ್ಲನ್ನು ಒಂದನ್ನೇ ತಿಂಗಳುಗಟ್ಟಲೆ ಹಚ್ಚಿದರೆ ಸೂಕ್ಷ್ಮಾಣು ಅದಕ್ಕೆ ಬಗ್ಗದಂತಾಗುತ್ತದೆ. ಬೆಂಜಾಯಿಲ್ ಪೆರಾಕ್ಸೈಡ್ ಜೊತೆಯಲ್ಲಿದ್ದರೆ ಆ ಅಪಾಯ ಕಡಿಮೆ. ಕೀವು ಹೆಚ್ಚಿದ್ದಾಗ ಕೊಡುವ ಡಾಕ್ಸಿಸೈಕ್ಲಿನ್ ಕೂಡ ಸಾಮಾನ್ಯವಾಗಿ ಮೂರು ತಿಂಗಳ ಮಟ್ಟಿಗಷ್ಟೇ. ಅದನ್ನು ತುಂಬು ಲೋಟ ನೀರಿನೊಂದಿಗೆ ನುಂಗಬೇಕು, ನುಂಗಿದ ಕೂಡಲೇ ಮಲಗಿದರೆ ಅನ್ನನಾಳ ಹುಣ್ಣಾಗುತ್ತದೆ. ಈ ಔಷಧಗಳ ಜೊತೆ ಬಿಸಿಲಿಗೆ ಚರ್ಮ ಬೇಗ ಕಂದುವುದರಿಂದ ಎಸ್‌ಪಿಎಫ್ 30ರ ಸನ್‌ಸ್ಕ್ರೀನ್ ಬೇಕು, ಮೋಡದ ದಿನವೂ ಸಹ.

ಸಕಲೇಶಪುರ ಘಾಟಿ

ಐಸೊಟ್ರೆಟಿನಾಯಿನ್ ಮಾತ್ರೆ ತೆಗೆದುಕೊಂಡರೆ ಮುಂದೆ ಮಕ್ಕಳಾಗುವುದಿಲ್ಲ ಎಂದು ನಮ್ಮ ಕಡೆ ಬಲವಾದ ನಂಬಿಕೆ ಇದೆ. ಮದುವೆಗೆ ಹುಡುಗಿ ನೋಡುತ್ತಿರುವ ನನ್ನಣ್ಣನ ಮಗ ಈ ಭಯದಿಂದಲೇ ಮುಖದ ತುಂಬ ಗಂಟುಗಳಿದ್ದರೂ ಚೀಟಿಯನ್ನು ಮಡಿಸಿ ಇಟ್ಟುಕೊಂಡಿದ್ದಾನೆ.

ಚರ್ಮವೈದ್ಯೆ, ಹಾಸನ

ಈ ಭಯ ಎರಡು ವಿಷಯಗಳ ಗೊಂದಲದಿಂದ ಹುಟ್ಟಿದೆ. ಐಸೊಟ್ರೆಟಿನಾಯಿನ್ ವಿಟಮಿನ್ ಎ ವರ್ಗದ ಔಷಧ, ಅಮೆರಿಕದಲ್ಲಿ 1982ರಲ್ಲಿ ಅನುಮತಿ ಪಡೆಯಿತು. ಹೆಚ್ಚಿದ ಎಣ್ಣೆ, ಮುಚ್ಚಿದ ರೋಮಕೂಪ, ಸೂಕ್ಷ್ಮಾಣು, ಉರಿಯೂತ ಎಂಬ ಮೊಡವೆಯ ನಾಲ್ಕೂ ಕಾರಣಗಳ ಮೇಲೆ ಕೆಲಸ ಮಾಡುವ ಔಷಧ ಇದೊಂದೇ. ಹೆಂಗಸು ಇದನ್ನು ನುಂಗುತ್ತಿರುವಾಗ ಗರ್ಭ ಧರಿಸಿದರೆ ಮಗುವಿಗೆ ಗಂಭೀರ ಅಂಗವೈಕಲ್ಯ ಉಂಟಾಗುವ ಸಾಧ್ಯತೆ ಬಹಳ. ಅದಕ್ಕಾಗಿ ಚಿಕಿತ್ಸೆಗೆ ಒಂದು ತಿಂಗಳು ಮೊದಲಿನಿಂದ, ನಿಲ್ಲಿಸಿದ ಒಂದು ತಿಂಗಳವರೆಗೆ ಗರ್ಭ ತಡೆಯಲೇಬೇಕು. ಅದು ಮುಗಿದ ಮೇಲೆ ಮಕ್ಕಳಾಗಲು ಅಡ್ಡಿಯಿಲ್ಲ. ಗಂಡಸರ ಸಂತಾನಶಕ್ತಿಗೆ ಇದರಿಂದ ಕುಂದು ಬರುವುದಿಲ್ಲ. ಮಾತ್ರೆ ನಡೆಯುತ್ತಿರುವಾಗ ಮತ್ತು ಮುಗಿದ ಒಂದು ತಿಂಗಳು ಗಂಡಸರೂ ರಕ್ತದಾನ ಮಾಡಬಾರದು, ಏಕೆಂದರೆ ಆ ರಕ್ತ ಗರ್ಭಿಣಿಗೆ ಹೋಗಬಹುದು. ತುಟಿ ಒಡೆಯುವುದು ಬಹುತೇಕ ಎಲ್ಲರಿಗೂ ಇರುತ್ತದೆ. ಯಕೃತ್ತು ಮತ್ತು ಕೊಬ್ಬಿನ ರಕ್ತಪರೀಕ್ಷೆ ಬೇಕು. ಮನಸ್ಸು ಕುಗ್ಗಿದಂತೆ ಅನಿಸಿದರೆ ಕೂಡಲೇ ವೈದ್ಯರಿಗೆ ತಿಳಿಸಬೇಕು. ಊಟದ ಜೊತೆ ನುಂಗಿದರೆ ಚೆನ್ನಾಗಿ ಹೀರಿಕೊಳ್ಳುತ್ತದೆ. ಗಂಟುಗಳಿರುವ ಮುಖಕ್ಕೆ ತಡಮಾಡಿದಷ್ಟೂ ಗುಳಿಗಳು ಹೆಚ್ಚುತ್ತವೆ, ನಿಮ್ಮ ಅಣ್ಣನ ಮಗನಿಗೆ ಆ ಚೀಟಿಯನ್ನು ಬಿಡಿಸಲು ಹೇಳಿ.

ಬೇಲೂರು ಶಿಕ್ಷಕಿ

ಮೊಡವೆ ಹೋದ ಮೇಲೆ ಉಳಿಯುವ ಕಲೆಗಳಿಗೆ ಏನಾದರೂ ಇದೆಯೇ?

ಚರ್ಮವೈದ್ಯೆ, ಹಾಸನ

ಮಟ್ಟಸವಾಗಿರುವ ಕಪ್ಪುಕಲೆ ಬೇರೆ, ಬೆರಳಾಡಿಸಿದರೆ ತಗ್ಗು ಸಿಗುವ ಗುಳಿ ಬೇರೆ. ನಮ್ಮಂಥ ಕಂದು ಬಣ್ಣದ ಚರ್ಮದಲ್ಲಿ ಕಪ್ಪುಕಲೆ ಬಹಳ ಸಾಮಾನ್ಯ, ಬಿಸಿಲಿನಿಂದ ಕಾಪಾಡಿಕೊಂಡು ಅಡಾಪಲೀನ್ ಅಥವಾ ಅಜಿಲಾಯಿಕ್ ಆಮ್ಲ ಮುಂದುವರಿಸಿದರೆ ಕೆಲವು ತಿಂಗಳಲ್ಲಿ ತಿಳಿಯಾಗುತ್ತದೆ. ಗುಳಿಗೆ ಯಾವ ಕ್ರೀಮೂ ಸಾಲದು. ಸಣ್ಣ ಸೂಜಿಗಳಿಂದ ಚುಚ್ಚುವ ಮೈಕ್ರೊನೀಡ್ಲಿಂಗ್, ಗುಳಿಯ ಅಡಿಯ ಎಳೆಗಳನ್ನು ಸೂಜಿಯಿಂದ ಬಿಡಿಸುವ ಸಬ್‌ಸಿಷನ್, ಲೇಸರ್ ಇವೆ, ಅವೂ ಪೂರ್ತಿ ಅಳಿಸುವುದಿಲ್ಲ, ಆಳವನ್ನು ಕಡಿಮೆ ಮಾಡುತ್ತವೆ. ಹೊಸ ಮೊಡವೆ ಏಳುವುದು ನಿಂತ ಮೇಲಷ್ಟೇ ಅವನ್ನು ಮಾಡಿಸಬೇಕು. ಉಗುರಿನಿಂದ ಹಿಸುಕಿದರೆ ಕೀವು ಹೊರಬಂದಷ್ಟೇ ಒಳಕ್ಕೂ ಹೋಗುತ್ತದೆ, ಕಲೆ ಮತ್ತು ಗುಳಿ ಎರಡಕ್ಕೂ ಅದೇ ದಾರಿ.

ಅರಸೀಕೆರೆ ತೆಂಗು

ಮಗಳನ್ನು ಚರ್ಮತಜ್ಞರಿಗೆ ತೋರಿಸಿ ಬಂದೆವು. ಆ ಕ್ರೀಮನ್ನು ನಿಲ್ಲಿಸಿ, ಉರಿ ತಡೆಯಲು ಸೌಮ್ಯವಾದ ಮಾಯಿಶ್ಚರೈಸರ್ ಮತ್ತು ಒಂದು ಮಾತ್ರೆ ಕೊಟ್ಟಿದ್ದಾರೆ, ಮುಖ ಶಾಂತವಾದ ಮೇಲೆ ಅಡಾಪಲೀನ್ ಆರಂಭಿಸೋಣ ಎಂದಿದ್ದಾರೆ. ಕೆಂಪು ಇನ್ನೂ ಇದೆ, ಆದರೆ ಏಕೆ ಇದೆ ಎಂಬುದು ಮಗಳಿಗೆ ತಿಳಿದಿರುವುದರಿಂದ ಮತ್ತೆ ಆ ಟ್ಯೂಬಿಗೆ ಕೈಹಾಕಿಲ್ಲ. ಮುಖ ತಿಳಿಯಾದ ಮೇಲೆ ಎಲ್ಲ ಔಷಧವನ್ನೂ ಬಿಡಬಹುದೇ ಎಂದು ಅವಳು ಈಗಲೇ ಕೇಳುತ್ತಿದ್ದಾಳೆ.

ಚರ್ಮವೈದ್ಯೆ, ಹಾಸನ

ಮಾತ್ರೆಯನ್ನು ವೈದ್ಯರು ಹೇಳಿದ ದಿನ ನಿಲ್ಲಿಸಬಹುದು. ಅಡಾಪಲೀನನ್ನು ಮಾತ್ರ ಮುಖ ತಿಳಿಯಾದ ಮೇಲೂ ಹಲವು ತಿಂಗಳು ಮುಂದುವರಿಸಬೇಕಾಗುತ್ತದೆ. ಪ್ರಾಯದ ಹಾರ್ಮೋನುಗಳು ಅಲ್ಲೇ ಇರುವುದರಿಂದ, ಬಿಟ್ಟರೆ ಮೊಡವೆ ಮರಳುವ ಸಂಭವ ಹೆಚ್ಚು. ಮುಂದಿನ ಭೇಟಿಯನ್ನು ಪರೀಕ್ಷೆಯ ಓದಿನ ಗಡಿಬಿಡಿಯಲ್ಲಿ ತಪ್ಪಿಸಬೇಡಿ, ಒಂದೇ ಬೆಳಕಿನಲ್ಲಿ ತಿಂಗಳಿಗೊಂದು ಫೋಟೊ ತೆಗೆದಿಟ್ಟು ಅದನ್ನೂ ವೈದ್ಯರಿಗೆ ತೋರಿಸಿ.